ಚಳಿಯಲ್ಲಿ ಡೀಸೆಲ್ ಪಿಕಪ್: ನಿಂತಲ್ಲೇ ಓಡಿಸುವುದಾದರೆ ಆರ್‌ಪಿಎಂ ಏರಿಸಿ

ಮಾನ್ಯ ಸಂಪಾದಕರೇ,

ಹಿಮ ಬೀಳುವ ಕಡೆ ಗಾಡಿ ಓಡಿಸುವವರಿಗೆಂದು ನಿಮ್ಮ ಪತ್ರಿಕೆಯಲ್ಲಿ ಬಂದ ಸಲಹೆಗಳನ್ನು ಓದಿದೆ. ಡೀಸೆಲ್ ಗಾಡಿಯನ್ನು ಬೆಳಿಗ್ಗೆ ಅರ್ಧ ಗಂಟೆ ಸುಮ್ನೆ ಸ್ಟಾರ್ಟ್ ಮಾಡಿ ಬಿಡಿ, ಆಮೇಲೆ ಹೊರಡಿ ಎಂದು ಅದರಲ್ಲಿದೆ. ಡೀಸೆಲ್ ಪಿಕಪ್‌ಗಳ ರಿಪೇರಿಯೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಮಾತನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಅರ್ಧ ಗಂಟೆ ಜಾಸ್ತಿಯಾಯಿತು ಎನ್ನುವುದು ಒಂದು ಕಡೆ. ಎಂಜಿನ್ ಯಾವ ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನ ವೇಗದಲ್ಲಿ, ಓಡಬೇಕು ಎಂಬ ಮುಖ್ಯ ವಿಷಯವೇ ಅಲ್ಲಿಲ್ಲ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಮೈನಸ್ 20 ಡಿಗ್ರಿಯಲ್ಲಿ ಒಳಗೆ ಬರುವ ಗಾಳಿಯೂ ತಣ್ಣಗೆ, ಸಿಲಿಂಡರ್ ಗೋಡೆಯೂ ತಣ್ಣಗೆ. ಸಿಲಿಂಡರ್ ಒಳಗೆ ಕಾವು ಕೊಡುವ ಗ್ಲೋ ಪ್ಲಗ್ ಇದ್ದರೆ ಅದು, ಕಮಿನ್ಸ್ ಕಂಪನಿಯ ಎಂಜಿನ್ ಆದರೆ ಗಾಳಿ ಕಾಯಿಸುವ ಗ್ರಿಡ್ ಹೀಟರ್, ಹೇಗೋ ಸ್ಟಾರ್ಟ್ ಮಾಡಿಸುತ್ತವೆ. ಆಮೇಲೆ ಎಂಜಿನ್ 600ರಿಂದ 800 ಆರ್‌ಪಿಎಂನಲ್ಲಿ ಗುಡುಗುಡು ಅನ್ನುತ್ತಾ ನಿಲ್ಲುತ್ತದೆ. ಎಳೆಯಲು ಭಾರವಿಲ್ಲದ ಎಂಜಿನ್ ಸುಡುವ ಡೀಸೆಲ್ ತೀರಾ ಕಡಿಮೆ. ಒಳಗೆಳೆಯುವ ಗಾಳಿ ಮಾತ್ರ ಧಾರಾಳ. ಹುಟ್ಟಿದ ಅಷ್ಟಿಷ್ಟು ಕಾವನ್ನೂ ಆ ಗಾಳಿಯೇ ಸೈಲೆನ್ಸರ್ ದಾರಿಯಾಗಿ ಹೊರಗೆ ಒಯ್ಯುತ್ತದೆ. ಓಡಿ ಬಂದು ಚೆನ್ನಾಗಿ ಬಿಸಿಯಾದ ಎಂಜಿನನ್ನೂ ಕಡು ಚಳಿಯಲ್ಲಿ ಹಾಗೇ ಬಿಟ್ಟು ನೋಡಿ, ಟೆಂಪರೇಚರ್ ಮುಳ್ಳು ಮೆಲ್ಲಗೆ ಕೆಳಗಿಳಿಯುವುದುಂಟು. ಓಡುತ್ತಲೇ ತಣ್ಣಗಾಗುವ ಎಂಜಿನ್!

ಹೀಗೆ ತಣ್ಣಗೆ ಓಡುವಾಗ ಡೀಸೆಲ್ ಪೂರ್ತಿ ಸುಡುವುದಿಲ್ಲ, ಒದ್ದೆ ಸೌದೆಯ ಒಲೆಯ ಹಾಗೆ. ಬಿಳಿ ಹೊಗೆ, ಕಣ್ಣುರಿಸುವ ವಾಸನೆ ಎರಡೂ ಅದರದ್ದೇ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಹಾಕುತ್ತದೆ. ರಿಂಗ್‌ಗಳ ಸಂದಿಯಲ್ಲಿ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಇಂಜೆಕ್ಟರ್ ತುದಿಯಲ್ಲಿ, ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟುತ್ತದೆ. 'ಇಷ್ಟು ಓಡಿಸಿದರೂ ಆಯಿಲ್ ಒಂದು ಹನಿ ಕಮ್ಮಿಯಾಗಿಲ್ಲ' ಎಂದು ಹೆಮ್ಮೆಯಿಂದ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೋರಿಸುವ ಗಿರಾಕಿಗಳನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಅದನ್ನು ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ; ಮಟ್ಟ ಇಳಿಯದಿರುವುದು ಒಳಗೆ ಸೇರಿದ ಡೀಸೆಲ್‌ನಿಂದ.

ಇದಕ್ಕೇ ಹೈ ಐಡಲ್ ಇರುವುದು. ಗಾಡಿ ನಿಂತಿದ್ದಾಗಲೇ ಎಂಜಿನ್ ವೇಗವನ್ನು 1000ದಿಂದ 1500 ಆರ್‌ಪಿಎಂಗೆ ಏರಿಸುವ ಸೆಟ್ಟಿಂಗ್ ಅದು. ಪಿಸ್ಟನ್ ಬೇಗ ಮೇಲೆ ಬಂದರೆ ಒತ್ತಿದ ಗಾಳಿಯ ಕಾವು ಗೋಡೆಗೆ ಸೋರಿಹೋಗಲು ಸಮಯ ಸಾಲದು. ಹಾಗಾಗಿ ಡೀಸೆಲ್ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಆಯಿಲ್ ಪಂಪ್, ಕೂಲಂಟ್ ಪಂಪ್ ಎರಡೂ ಹೆಚ್ಚು ದೂಡುತ್ತವೆ. ಚಳಿಗೆ ಸೊರಗಿದ ಬ್ಯಾಟರಿಗೆ ಆಲ್ಟರ್ನೇಟರ್‌ನಿಂದ ಒಳ್ಳೆ ಚಾರ್ಜ್ ಸಿಗುತ್ತದೆ. ಹೊಸ ಗಾಡಿಗಳಲ್ಲಿ, ಹೊಗೆಯ ಬಲದಿಂದ ಎಂಜಿನ್‌ಗೆ ಗಾಳಿ ತುಂಬುವ ಟರ್ಬೊದ ರೆಕ್ಕೆಗಳನ್ನು ಅರೆಮುಚ್ಚಿ ಹೊಗೆಯ ದಾರಿಯನ್ನು ಕಿರಿದು ಮಾಡಿದರೆ ಎಂಜಿನ್ ಅದರ ವಿರುದ್ಧ ದುಡಿಯಬೇಕಾಗುತ್ತದೆ, ಇನ್ನೂ ಬೇಗ ಬಿಸಿಯಾಗುತ್ತದೆ. 1998ರಿಂದ ಬಂದ 24 ವಾಲ್ವ್‌ಗಳ ಕೆಲವು ಕಮಿನ್ಸ್‌ಗಳಲ್ಲಿ ಇನ್ನೊಂದು ಉಪಾಯವಿತ್ತು. ಚಳಿಯಲ್ಲಿ ಆರರಲ್ಲಿ ಮೂರು ಸಿಲಿಂಡರ್‌ಗೆ ಮಾತ್ರ ಡೀಸೆಲ್ ಕೊಡುವುದು. ಆರು ಮಾಡುವ ಕೆಲಸ ಮೂರರ ತಲೆ ಮೇಲೆ ಬಿದ್ದಾಗ ಅವು ಬಿಸಿಯಾಗಿ ಸುಡುತ್ತವೆ. ಸದ್ದು ಮಾತ್ರ ಎಂಜಿನ್ ಕೆಟ್ಟುಹೋದ ಹಾಗಿರುತ್ತದೆ. ಗೊತ್ತಿಲ್ಲದವರು ಗಾಬರಿಯಿಂದ ಗ್ಯಾರೇಜಿಗೆ ಓಡಿ ಬರುತ್ತಾರೆ.

ಈ ಸೌಲಭ್ಯ ತಮ್ಮ ಗಾಡಿಯಲ್ಲೇ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಆಟೊಮ್ಯಾಟಿಕ್ ಗೇರಿನ ಹಲವು ರಾಮ್ ಡೀಸೆಲ್ ಪಿಕಪ್‌ಗಳಲ್ಲಿ ಗೇರ್ ಪಾರ್ಕ್‌ನಲ್ಲಿಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಕ್ರೂಸ್ ಕಂಟ್ರೋಲ್ ಆನ್ ಮಾಡಿ ಸೆಟ್ ಒತ್ತಿದರೆ ವೇಗ 1100ಕ್ಕೆ ಏರುತ್ತದೆ. ವೇಗ ಹೆಚ್ಚಿಸುವ ಗುಂಡಿಯನ್ನು ಒತ್ತಿ ಹಿಡಿದರೆ 1500ರವರೆಗೆ ಹೋಗುತ್ತದೆ. ಬ್ರೇಕ್ ತುಳಿದರೆ ಮಾಮೂಲಿಗೆ ಇಳಿಯುತ್ತದೆ. ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಇದೇ ಕೆಲಸಕ್ಕೆ ಬೇರೆ ವೈರಿಂಗ್ ವ್ಯವಸ್ಥೆ ಇದೆ. ವರ್ಷ, ಮಾಡೆಲ್ ಬದಲಾದರೆ ವಿಧಾನವೂ ಬದಲಾಗುತ್ತದೆ, ಮ್ಯಾನುವಲ್ ನೋಡಿಯೇ ಮಾಡಬೇಕು. ಕೆಲವರು ಸೀಟಿಗೂ ಆಕ್ಸಿಲರೇಟರ್‌ಗೂ ನಡುವೆ ಕೋಲು ಸಿಕ್ಕಿಸಿ ಒಳಗೆ ಹೋಗಿ ಕೂರುತ್ತಾರೆ. ದಯವಿಟ್ಟು ಬೇಡ. ಗೇರ್ ಜಾರಿದರೆ ಆ ಕೋಲಿಗೆ ಬ್ರೇಕ್ ಗೊತ್ತಿಲ್ಲ.

ಹಾಗಂತ ಹೈ ಐಡಲ್ ಹಾಕಿ ಗಂಟೆಗಟ್ಟಲೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಚೊಕ್ಕ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ನಿಂತ ಗಾಡಿಯಲ್ಲಿ, ಆರ್‌ಪಿಎಂ ಏರಿಸಿದರೂ, ಆ ಬಿಸಿ ಸುಲಭಕ್ಕೆ ಬರುವುದಿಲ್ಲ, ಫಿಲ್ಟರ್‌ನಲ್ಲಿ ಮಸಿ ಕಟ್ಟುತ್ತಲೇ ಹೋಗುತ್ತದೆ. ನನ್ನ ಲೆಕ್ಕ ಇಷ್ಟೇ: ಸ್ಟಾರ್ಟ್ ಆದ ಮೇಲೆ ಆಯಿಲ್ ಪ್ರೆಶರ್ ಸರಿಯಾಗಿ ನಿಲ್ಲಲಿ. ಆಮೇಲೆ ಐದು ನಿಮಿಷ, ತೀರಾ ಚಳಿಯಿದ್ದರೆ ಹತ್ತು ನಿಮಿಷ ಹೈ ಐಡಲ್. ಗಾಜಿನ ಮಂಜು ಕರಗಿತೆಂದರೆ ಹೊರಡಿ, ಮುಳ್ಳು ಮೇಲೇರುವ ತನಕ ಆಕ್ಸಿಲರೇಟರ್ ಜೋರಾಗಿ ತುಳಿಯಬೇಡಿ. ಎಂಜಿನ್ ಬಿಸಿಯಾಗಲು ಭಾರ ಎಳೆಯುವುದಕ್ಕಿಂತ ಒಳ್ಳೆ ದಾರಿ ಇಲ್ಲ.

ಕರೆಂಟ್ ಸಿಗುವ ಜಾಗವಾದರೆ ಇಷ್ಟೂ ಬೇಕಾಗುವುದಿಲ್ಲ. ಹೊರಡುವ ಎರಡು ಮೂರು ಗಂಟೆ ಮೊದಲು ಬ್ಲಾಕ್ ಹೀಟರ್, ಅಂದರೆ ಎಂಜಿನ್ ಬೆಚ್ಚಗಿಡುವ ಕರೆಂಟ್ ಹೀಟರ್, ಪ್ಲಗ್ ಹಾಕಿ. ಕೂಲಂಟ್ ಬೆಚ್ಚಗಾಗಿ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಹೀಟರ್‌ನಲ್ಲೂ ಬೇಗ ಬಿಸಿಗಾಳಿ ಬರುತ್ತದೆ. ಇಡೀ ರಾತ್ರಿ ಹಾಕಿಡುವುದು ದಂಡ, ಟೈಮರ್ ಸಾಕು. ಹೈ ಐಡಲ್ ನಿಜವಾಗಿ ಬೇಕಾಗುವುದು ಗಾಡಿ ನಿಂತಲ್ಲೇ ದುಡಿಯಬೇಕಾದವರಿಗೆ: ಹಿಮ ತೆಗೆಯಲು ಕಾದು ನಿಂತವರಿಗೆ, ರಾತ್ರಿ ಕರೆಂಟ್ ಲೈನ್ ರಿಪೇರಿ ಮಾಡುವವರಿಗೆ, ದೂರದ ಕೆಲಸದ ಜಾಗದಲ್ಲಿ ಕ್ಯಾಬಿನ್‌ನಲ್ಲೇ ಮೈ ಕಾಯಿಸಿಕೊಳ್ಳುವವರಿಗೆ. ಎಂಜಿನ್ ಆಫ್ ಮಾಡಿ ಎಂದು ಅವರಿಗೆ ಉಪದೇಶ ಮಾಡಿ ಏನು ಪ್ರಯೋಜನ? ಅಂಥವರಿಗಾಗಿ ಕಂಪನಿಗಳು ಡ್ಯಾಶ್‌ಬೋರ್ಡಿನಲ್ಲೇ ಹೆಸರು ಬರೆದ ಒಂದು ಗುಂಡಿ ಕೊಡಬಹುದಿತ್ತು, ಅಲ್ವಾ?

ನಿಮ್ಮ ಸಲಹೆಯಲ್ಲಿ ಇನ್ನೊಂದು ಮಾತು ಬಿಟ್ಟುಹೋಗಿದೆ. ಮುಚ್ಚಿದ ಶೆಡ್ಡಿನೊಳಗೆ ಐದು ನಿಮಿಷವೂ ಎಂಜಿನ್ ಓಡಿಸಬಾರದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಮುಂದಿನ ಚಳಿಗಾಲಕ್ಕೆ ಇದೇ ಸಲಹೆಗಳನ್ನು ಮತ್ತೆ ಅಚ್ಚು ಹಾಕುವುದಾದರೆ ಆ 'ಅರ್ಧ ಗಂಟೆ'ಯನ್ನು ತೆಗೆಯಿರಿ. ಎಷ್ಟು ಆರ್‌ಪಿಎಂ, ಎಷ್ಟು ನಿಮಿಷ ಎಂದು ಬರೆಯಿರಿ. ಶೆಡ್ಡಿನ ಮಾತನ್ನು ಎಲ್ಲಕ್ಕಿಂತ ಮೇಲೆ ಹಾಕಿ.

ಇತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್