ಬಾರದವರ ಊಟದ ದುಡ್ಡೂ ನಿಮ್ಮ ಎಲೆ ಮೇಲೇ ಬೀಳುತ್ತದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಬೆಂಗಳೂರಿನ ಓದುಗರೊಬ್ಬರು ಬರೆದಿದ್ದರು. ದೀಪಾವಳಿ ರಜೆಗೆ ಚಿಕ್ಕಮಗಳೂರಿಗೆ ಬಂದಿದ್ದರಂತೆ, ಹೋಮ್‌ಸ್ಟೇಯಲ್ಲಿ ಒಂದು ಊಟಕ್ಕೆ 350 ರೂಪಾಯಿ ತಗೊಂಡರಂತೆ, ಅಕ್ಕಿ ರೊಟ್ಟಿ ಕೋಳಿ ಸಾರಿಗೆ ಇಷ್ಟಾ, ರಜೆ ಬಂದರೆ ಸಾಕು ಊರಿನವರೆಲ್ಲ ಸೇರಿ ಸುಲಿಯುತ್ತಾರೆ ಅಂತ. ಅದನ್ನು ಓದಿ, ರಜೆಯಲ್ಲಿ ಇಲ್ಲಿನ ಹೋಮ್‌ಸ್ಟೇಗಳಿಗೆ ಅಡುಗೆ ಮಾಡಿ ಕಳಿಸುವ ನಾವು ನಾಲ್ಕೂ ಗೆಳತಿಯರು ಮೊದಲು ನಕ್ಕೆವು. ಆಮೇಲೆ ನಮ್ಮಲ್ಲೊಬ್ಬಳಿಗೆ ಸಿಟ್ಟು ಬಂತು. ಬರೆಯೋ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಅವರು ಉಂಡಿದ್ದು ನಮ್ಮ ಅಡುಗೆಯೋ ಅಲ್ಲವೋ ಗೊತ್ತಿಲ್ಲ. ಆದರೆ ನಮ್ಮ ರಜೆ ರೇಟೂ ಅಷ್ಟೇ.

ನಾವು ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಒಬ್ಬಳು ಬ್ಲೌಸ್ ಹೊಲಿಯುತ್ತಾಳೆ, ಒಬ್ಬಳು ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್‌ಗೆ ಹೋಗುತ್ತಾಳೆ, ಉಳಿದ ನಾವಿಬ್ಬರು ಮನೆ, ದನ, ಮಕ್ಕಳು ಅಂತ ಇರುವವರು. ಮೂರು ವರ್ಷದಿಂದ, ಹೆಚ್ಚಾಗಿ ಹಬ್ಬ ಮತ್ತು ಸಾಲು ರಜೆಗಳಲ್ಲಿ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಅಡುಗೆ ಮಾಡಿ ಸುತ್ತಿನ ಹೋಮ್‌ಸ್ಟೇಗಳಿಗೆ ಕಳಿಸುತ್ತೇವೆ. ಕದ್ದು ಮುಚ್ಚಿ ಮಾಡುವ ಕೆಲಸ ಅಲ್ಲ. ಎಫ್‌ಎಸ್‌ಎಸ್‌ಎಐ ಅನ್ನುವ ಸರ್ಕಾರಿ ಆಹಾರ ಸುರಕ್ಷತಾ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿದ್ದೇವೆ, ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಶುಲ್ಕ ವರ್ಷಕ್ಕೆ ಬರೀ 100 ರೂಪಾಯಿ ಇತ್ತು, ಆ 14 ಅಂಕಿಯ ನಂಬರನ್ನು ಬಿಲ್ ಪುಸ್ತಕದ ಮೇಲೇ ಹಾಕಿದ್ದೇವೆ. ಮನೆ ಸಿಲಿಂಡರ್ ಬಳಸುವುದಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ಲೇ ತರುತ್ತೇವೆ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸುಮ್ನೆ ಬಾಯಿಗೆ ಬಂದ ರೇಟು ಹೇಳುವವರು ಅಂದುಕೊಳ್ಳಬೇಡಿ ಅಂತ.

ಮಾಮೂಲಿ ದಿನ ನಮ್ಮಲ್ಲಿ ಎಲೆಗೆ, ಅಂದರೆ ಒಬ್ಬರ ಊಟಕ್ಕೆ, 300. ರಜೆಯಲ್ಲಿ 350. ಆ 50 ರೂಪಾಯಿಯಲ್ಲಿ ಸ್ವಲ್ಪ ಹಬ್ಬದ ದಿನ ಕೈಯಾಳು ಜಾಸ್ತಿ ಕೂಲಿ ಕೇಳುವುದಕ್ಕೆ ಹೋಗುತ್ತದೆ, ಅದು ನ್ಯಾಯವೇ, ಅವರಿಗೂ ಹಬ್ಬ ಇಲ್ವಾ. ಮಿಕ್ಕಿದ್ದು ಯಾರಿಗೆ ಹೋಗುತ್ತದೆ ಗೊತ್ತಾ? ಬರುತ್ತೇವೆ ಅಂತ ಹೇಳಿ ಬಾರದವರಿಗೆ.

ಈ ವರ್ಷದ, ಅಂದರೆ 2025ರ, ಆಗಸ್ಟ್ ಕತೆ ಕೇಳಿ. 15 ಶುಕ್ರವಾರ ಬಂದಿತ್ತು, ಮೂರು ದಿನದ ರಜೆ. 17ರ ಭಾನುವಾರ ಮಧ್ಯಾಹ್ನಕ್ಕೆ 60 ಎಲೆ ಅಂತ ಒಬ್ಬರು ಟೂರ್ ಕರೆದುಕೊಂಡು ಬರುವವರು ಹೇಳಿದರು. 2,000 ಮುಂಗಡ ಫೋನಿನಲ್ಲೇ ಹಾಕಿದರು. ಕಡುಬು, ನಾಟಿ ಕೋಳಿ ಸಾರು, ಕಳಲೆ (ಎಳೆ ಬಿದಿರು) ಪಲ್ಯ, ಅನ್ನ, ತಿಳಿ ಸಾರು, ಮೊಸರು, ಒಂದು ಪಾಯಸ. ಕಳಲೆ ಅಂದರೆ ಇವತ್ತು ತಂದು ಇವತ್ತು ಹಾಕುವಂಥದ್ದಲ್ಲ. ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸಿ ಮೂರು ದಿನ ಇಡಬೇಕು, ಇಲ್ಲದಿದ್ದರೆ ಅದರ ಕಹಿ, ನಂಜು ಹೋಗುವುದಿಲ್ಲ. ಅಂದರೆ ನಿಮ್ಮ ಭಾನುವಾರದ ಊಟ ನಮಗೆ ಗುರುವಾರವೇ ಶುರು.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದೆವು. ಹೊರಗೆ ಜಡಿಮಳೆ, ಕರೆಂಟಿಲ್ಲ. ಹಿಂದಿನ ರಾತ್ರಿಯೇ ಮಸಾಲೆ ರುಬ್ಬಿಟ್ಟಿದ್ದು ಪುಣ್ಯ. ಎಲೆಗೆ ಮೂರರಂತೆ 180 ಕಡುಬು, ಅದಕ್ಕೆ 6 ಕೆ.ಜಿ. ಅಕ್ಕಿ ತರಿ. ತರಿ ಬೆಂದ ಮೇಲೆ ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು, ಕೈ ಅದ್ದುವುದು, ಕಟ್ಟುವುದು, ಮತ್ತೆ ಅದ್ದುವುದು. ನೂರು ದಾಟುವ ಹೊತ್ತಿಗೆ ಅಂಗೈ ಕೆಂಪಗಾಗಿ, ತಣ್ಣೀರೂ ಬಿಸಿಯಾಗಿರುತ್ತದೆ. ಆಮೇಲೆ ಹಬೆಗೆ ಇಡಬೇಕು. ಇನ್ನೊಂದು ತಮಾಷೆ, ಶ್ರಾವಣ ಮಾಸ, ನಾಲ್ಕೂ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ, 14 ಕೆ.ಜಿ. ಕೋಳಿ ಸಾರಿನ ಉಪ್ಪು ಖಾರ ನೋಡಲು ಗೂಡ್ಸ್ ಆಟೋ ಓಡಿಸುವ ಹುಡುಗನನ್ನೇ ಕರೆದೆವು. ಅವನು ಮೂರು ಸಲ ನೋಡಿದ. ಉಪ್ಪು ಸರಿಯಾಗಿದೆ ಅಂತ ಮೊದಲನೇ ಸಲವೇ ಗೊತ್ತಾಗಿತ್ತು ಅಂತ ನನ್ನ ಅನುಮಾನ.

ಹನ್ನೊಂದೂವರೆಗೆ ಫೋನ್. "ಅಕ್ಕ, ಮಳೆ ಅಲ್ವಾ, ಒಂದು ಗಾಡಿ ಬರ್ತಾ ಇಲ್ಲ. 28 ಜನ ಅಷ್ಟೇ. ಅಡ್ಜಸ್ಟ್ ಮಾಡ್ಕೊಳ್ಳಿ."

ಏನು ಅಡ್ಜಸ್ಟ್ ಮಾಡುವುದು? ಕಡುಬು ಹಬೆಯಲ್ಲಿದೆ, ಕೋಳಿ ಒಲೆ ಮೇಲಿದೆ. ಆಗಸ್ಟಿನಲ್ಲಿ ಮಲೆನಾಡಿನಲ್ಲಿ ಮಳೆ ಬರುತ್ತದೆ ಅನ್ನುವುದು ಅವರಿಗೆ ಅವತ್ತೇ ಗೊತ್ತಾಯಿತೇನೋ.

ಖರ್ಚು, ಸಾಮಾನು, ಗ್ಯಾಸ್, ಆಟೋ, ಇಬ್ಬರು ಕೈಯಾಳುಗಳ ಕೂಲಿ ಎಲ್ಲ ಸೇರಿ 13,400 ಆಗಿತ್ತು. ಕೈಗೆ ಬಂದದ್ದು 28 ಎಲೆಗೆ 9,800, ಮುಂಗಡವೂ ಅದರೊಳಗೇ. 3,600 ಕಡಿಮೆ. ನಾಲ್ಕು ಜನ ಗುರುವಾರದಿಂದ ದುಡಿದು, ಮನೆಯಿಂದ ತಲಾ 900 ತಂದು ಹಾಕಿದೆವು. ಮಿಕ್ಕ ಊಟವನ್ನು ಬಿಸಿ ಇರುವಾಗಲೇ ಪಕ್ಕದ ತೋಟದ ಕೂಲಿಯವರ ಲೈನ್ ಮನೆಗಳಿಗೆ ಕೊಟ್ಟೆವು, ಚೆಲ್ಲಲಿಲ್ಲ, ಅದೊಂದೇ ಸಮಾಧಾನ.

ಅವತ್ತು ಸಂಜೆ ಪಾತ್ರೆ ತಿಕ್ಕುತ್ತಾ ನಾವು ನಾವೇ ಜಗಳವಾಡಿದೆವು. ಫೋನ್ ಎತ್ತಿದ್ದು ನೀನು, ಮುಂಗಡ ಕಡಿಮೆ ಕೇಳಿದ್ದು ನೀನು ಅಂತ. ಇಪ್ಪತ್ತು ವರ್ಷದ ಸ್ನೇಹ, ಒಂದು ಡಬರಿ ಕೋಳಿ ಸಾರಿಗೆ ಎರಡು ವಾರ ಮಾತು ಬಿಟ್ಟೆವು ಅಂದರೆ ನಂಬುತ್ತೀರಾ? ನಿಜ ಹೇಳಬೇಕಂದರೆ ಸಿಟ್ಟು ಬರೀ ಆ 900ಕ್ಕಲ್ಲ. ಮೊದಲಿನಿಂದಲೂ ಬಂದದ್ದನ್ನು ಸಮನಾಗಿ ನಾಲ್ಕು ಪಾಲು ಮಾಡುತ್ತಿದ್ದೆವು. ಒಬ್ಬಳಿಗೆ ಚಿಕ್ಕ ಮಗು, ಅವಳು ಹತ್ತು ಗಂಟೆಗೆ ಬರುವವಳು. ಇನ್ನೊಬ್ಬಳು ನಾಲ್ಕಕ್ಕೇ ಬರುವವಳು. ಸ್ನೇಹಿತರಲ್ಲಿ ಅದನ್ನು ಹೇಗೆ ಕೇಳುವುದು ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಬರೆಯುತ್ತೇವೆ. ಮೊದಲು ನಮ್ಮದೇ ಗಂಟೆ ಲೆಕ್ಕದ ಕೂಲಿ ತೆಗೆದು, ಉಳಿದರೆ ಮಾತ್ರ ನಾಲ್ಕು ಪಾಲು. ಮಗು ಇರುವವಳೇ ಇದು ಒಳ್ಳೆಯದಾಯಿತು ಅಂದಳು, ಲೇಟಾಗಿ ಬರುವಾಗ ಮುಖ ತಗ್ಗಿಸುವುದು ತಪ್ಪಿತು ಅಂತ.

ಅದೇ ಪುಸ್ತಕದ ಮೊದಲ ಪುಟದಲ್ಲಿ ಗಿರಾಕಿಗಳಿಗೂ ಬರೆದಿದ್ದೇವೆ. ಅರ್ಧ ದುಡ್ಡು ಮುಂಗಡ. ಎರಡು ದಿನ ಮೊದಲು ಸಂಜೆ ಆರರೊಳಗೆ ಎಲೆ ಎಷ್ಟು ಅಂತ ಕಡೇ ಮಾತು. ಆಮೇಲೆ ನಾಲ್ಕೈದು ಜನ ಜಾಸ್ತಿ ಬಂದರೆ ನಾವು ನೋಡಿಕೊಳ್ಳುತ್ತೇವೆ, ಅಷ್ಟು ಕೈ ಮುಂದಾಗಿಯೇ ಮಾಡಿರುತ್ತೇವೆ. ಕಡಿಮೆ ಬಂದರೆ ಹೇಳಿದಷ್ಟಕ್ಕೂ ದುಡ್ಡು. ಇದನ್ನು ಹೇಳಿದ್ದಕ್ಕೇ ಅಕ್ಟೋಬರಿನಲ್ಲಿ ಎರಡು ಆರ್ಡರ್ ಕೈ ತಪ್ಪಿದವು. ಒಬ್ಬರು ಹೋಮ್‌ಸ್ಟೇಯವರು, "ಏನಕ್ಕ ಇದು, ದೊಡ್ಡ ಹೋಟೆಲಿನ ಥರ ಮಾತಾಡ್ತೀರಿ" ಅಂದರು. ಅವರು ಮಾತ್ರ ರೂಮಿಗೆ ಪೂರ್ತಿ ದುಡ್ಡು ಮೊದಲೇ ಹಾಕಿಸಿಕೊಳ್ಳುತ್ತಾರೆ!

ಅಕ್ಟೋಬರ್ ಅಂದಾಗ ನೆನಪಾಯಿತು. ಈ ಸಲ ಗಾಂಧಿ ಜಯಂತಿ, ವಿಜಯದಶಮಿ ಎರಡೂ 2ನೇ ತಾರೀಕೇ ಬಂದವು. ಗಾಂಧಿ ಜಯಂತಿ ದಿನ ಮಾಂಸದಂಗಡಿ ಮುಚ್ಚಿರುತ್ತವೆ. ಅವತ್ತೇ ಕೋಳಿ ಸಾರು ಬೇಕು ಅಂತ ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡಿದವರಿದ್ದಾರೆ. ಎಣ್ಣೆಗಾಯಿ ಮಾಡಿಕೊಡ್ತೀವಿ ಅಂದರೆ, ಬದನೆಕಾಯಿ ತಿನ್ನೋಕೆ ಇಷ್ಟು ದೂರ ಬಂದ್ವಾ ಅಂದರು. ಬದನೆಕಾಯಿಯನ್ನು ಬೈದಿದ್ದು ನನಗೆ ನಿಜಕ್ಕೂ ಬೇಜಾರಾಯಿತು.

ಆ ಓದುಗರನ್ನು ಒಂದು ಮಾತು ಕೇಳುತ್ತೇನೆ. ಈ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆ ಗಾಡಿ ಹತ್ತಬೇಕಂದರೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಬೆಳಗಿನ ಪಾಳಿ ಬೇರೆ, ಮಧ್ಯಾಹ್ನದ ಪಾಳಿ ಬೇರೆ. ಶುರುವಿನಲ್ಲಿ ಎಲ್ಲರೂ ಗೊಣಗಿದರು, ಈಗ ಮಾಡುತ್ತಿದ್ದಾರೆ. 1930 ಮೀಟರ್ ಗುಡ್ಡ ನೋಡಲು ಜನ, ಗಾಡಿ, ಹೊತ್ತು ಎಲ್ಲ ಮೊದಲೇ ಹೇಳಬಹುದಾದರೆ, ಇಳಿದು ಬಂದು ಉಣ್ಣುವ ಊಟಕ್ಕೆ ಯಾಕಾಗುವುದಿಲ್ಲ? ನೀವು ಎಲೆ ಲೆಕ್ಕ ಸರಿಯಾಗಿ ಹೇಳಿ, ಆ 50 ರೂಪಾಯಿ ಕೇಳುವುದೇ ಇಲ್ಲ. ಹೆಚ್ಚಿನ ಕೂಲಿಯನ್ನು ನಾವೇ ಹೇಗೋ ತೂಗಿಸುತ್ತೇವೆ. ಬಾರದವರ ಊಟ ತೂಗಿಸುವುದಕ್ಕೆ ಮಾತ್ರ ಆಗುವುದಿಲ್ಲ.

ಡಿಸೆಂಬರ್ 25 ಗುರುವಾರ ಬಂದಿದೆ. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ, ಈಗಲೇ ಮೂರು ಕಡೆಯಿಂದ ಫೋನ್ ಬಂದಿದೆ. ಇಬ್ಬರು "ಒಂದು ಐವತ್ತು ಅಂದ್ಕೊಳ್ಳಿ, ಆಮೇಲೆ ಹೇಳ್ತೀವಿ" ಅಂದಿದ್ದಾರೆ. ಮೂರನೆಯವರು ಮೈಸೂರಿನವರು, ದೊಡ್ಡವರು 18, ಮಕ್ಕಳು 5, ಅದರಲ್ಲಿ ಇಬ್ಬರು ಮಾಂಸ ತಿನ್ನಲ್ಲ, ಅಜ್ಜಿಗೆ ಖಾರ ಕಡಿಮೆ ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅರ್ಧ ದುಡ್ಡನ್ನೂ ಹಾಕಿದ್ದಾರೆ. ಅವರಿಗೆ ಎಲೆಗೆ 300 ಅಂದಿದ್ದೇವೆ, ಮಕ್ಕಳಿಗೆ ಅರ್ಧ.

ಇಂತಿ,
ನಾಲ್ವರು ಗೆಳತಿಯರ ಪರವಾಗಿ ಅವರಲ್ಲೊಬ್ಬಳು
ಚಿಕ್ಕಮಗಳೂರು