ಮರಗಟ್ಟಿ ನಿಂತುಬಿಟ್ಟರೆ ಎಂಬ ಭಯದ ಬಗ್ಗೆ

ಪೊನ್ನಂಪೇಟೆ

ಪ್ರೀತಿಯ ಮಗಳೇ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಪತ್ರ ಸೋಮವಾರ ಕೈಸೇರಿತು. ನಿನ್ನ ಕೆಲಸದ ವಿಚಾರ, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಆ ಎಂಎಂಎ ಕಾದಾಟದ ತರಬೇತಿಯ ವಿಚಾರಗಳನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇದ್ದಳಾದ್ದರಿಂದ ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಆದರೆ ಕೊನೆಯ ಪುಟದಲ್ಲಿ ನೀನು ಬರೆದ ಒಂದು ಮಾತು ನನಗೆ ನೆಮ್ಮದಿಯಾಗಿ ನಿದ್ದೆ ಮಾಡಲು ಬಿಟ್ಟಿಲ್ಲ. ಪೆಟ್ಟು ಬೀಳುವುದಕ್ಕೆ ನಿನಗೆ ಹೆದರಿಕೆಯಿಲ್ಲ, ಸೋಲಿಗೂ ಇಲ್ಲ. ಪಂದ್ಯದ ದಿನ, ನೀವು ಕಾದಾಡುವ ಪಂಜರದ ಬಾಗಿಲು ಮುಚ್ಚಿದ ಮೇಲೆ ಕೈಕಾಲು ಆಡದೆ ಮರಗಟ್ಟಿ ನಿಂತುಬಿಟ್ಟರೆ ಏನು ಗತಿ ಎಂಬುದೊಂದೇ ಹೆದರಿಕೆ ಎಂದು ಬರೆದಿದ್ದೀಯೆ. ಅದರ ಮುಂದಿನ ಸಾಲಿನಲ್ಲೇ, ಕೊಡಗಿನ ಹುಡುಗಿಯಾಗಿ ಇಂಥ ಮಾತು ಹೇಳಲು ನಾಚಿಕೆಯಾಗುತ್ತದೆ ಎಂದೂ ಸೇರಿಸಿದ್ದೀಯೆ.

ಆ ನಾಚಿಕೆಯನ್ನು ಮೊದಲು ಬಿಡು. ಕಾರ್ಯಪ್ಪನವರು, ತಿಮ್ಮಯ್ಯನವರು ಹುಟ್ಟಿದ ನಾಡು ಎಂಬ ಹೆಮ್ಮೆ ನನಗೂ ಇದೆ. ಆದರೆ ವೀರರ ನಾಡು, ವೀರರ ನಾಡು ಎಂಬ ಮಾತನ್ನು ಹಗಲಿರುಳು ಕೇಳಿ ಬೆಳೆದ ನಮ್ಮ ಮಕ್ಕಳು ಹೆದರುವುದನ್ನು ಬಿಡಲಿಲ್ಲ, ಗುಟ್ಟಾಗಿ ಹೆದರುವುದನ್ನು ಕಲಿತರು ಅಷ್ಟೇ. ನಿನ್ನ ಅಜ್ಜ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ನಿಂತಾಗ ನಾನು ಅವರ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ದೂರದಲ್ಲಿ ನಿಂತವರಿಗೆ ಅವರು ಕಲ್ಲಿನಂತೆ ಕಾಣುತ್ತಿದ್ದರು. ಹತ್ತಿರದಿಂದ ನೋಡಿದರೆ ಕೋವಿಯ ತುದಿ ಸಣ್ಣಗೆ ಅಲುಗುತ್ತಲೇ ಇರುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ. ಅಲುಗಾಟ ಯಾರಿಗೂ ನಿಲ್ಲುವುದಿಲ್ಲ, ಉಸಿರು ಹೊರಬಿಟ್ಟು ಮುಗಿಯುವ ಹೊತ್ತಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಆಗ ಕೋವಿಯ ಕುದುರೆ ಒತ್ತಬೇಕು ಎಂದರು. ಯುದ್ಧ ಕಂಡು ಬಂದವರು ಅವರು. ಭಯದ ಬಗ್ಗೆ ನಾನು ಅವರ ಬಾಯಿಂದ ಕೇಳಿದ್ದು ಅಷ್ಟೇ. ಇನ್ನಷ್ಟು ಕೇಳಿಕೊಳ್ಳಲಿಲ್ಲವಲ್ಲ ಎಂಬ ಕೊರಗು, ಈ ವಯಸ್ಸಿನಲ್ಲಿ, ಅವರ ನೆನಪಿನ ಜೊತೆಗೇ ಬರುತ್ತದೆ.

ನೀನು ಹೇಳುವ ಆ ಮರಗಟ್ಟುವಿಕೆ ನನಗೆ ಹೊಸದಲ್ಲ ಮಗಳೇ. ಕಾಲೇಜಿನ ಹಾಕಿ ತಂಡದಲ್ಲಿ ನಾನು ಗೋಲ್‌ಕೀಪರ್ ಆಗಿದ್ದೆನೆಂಬುದು ನಿನಗೆ ಗೊತ್ತು. ಮೈಸೂರಿನ ಆ ಪಂದ್ಯದ ಬಗ್ಗೆ ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎದುರಾಳಿ ತಂಡದ ಹುಡುಗಿಯೊಬ್ಬಳು ಹಿಂದೆ ನಿಂತು ಗೋಲು ಕಾಯುವ ನಮ್ಮ ಬ್ಯಾಕ್‌ಗಳನ್ನು ದಾಟಿ ಒಬ್ಬಳೇ ಚೆಂಡು ತಳ್ಳಿಕೊಂಡು ಗೋಲಿನ ಮುಂದಿನ 'ಡಿ' ಆಕಾರದ ಗೆರೆಯ ಒಳಗೆ ಬಂದಳು. ನನಗೆ ಎಲ್ಲವೂ ಕಾಣುತ್ತಿತ್ತು, ಅವಳ ಸ್ಟಿಕ್ಕಿನ ಹಿಡಿಗೆ ಸುತ್ತಿದ ಬಿಳಿಯ ಬಟ್ಟೆಯೂ ಕಾಣುತ್ತಿತ್ತು, ಆದರೆ ಜನರ ಕೂಗು ಎಲ್ಲಿಯೋ ದೂರಕ್ಕೆ ಹೋಗಿತ್ತು ಮತ್ತು ಕಾಲು ನನ್ನದಾಗಿರಲಿಲ್ಲ. ಚೆಂಡು ಬಲಗಾಲಿನಿಂದ ಒಂದು ಗೇಣು ಆಚೆ ಉರುಳಿ ಒಳಗೆ ಹೋಯಿತು. ಕಾಲು ಚಾಚಿದ್ದರೆ ಸಾಕಿತ್ತು. ಮರುವರ್ಷ ಮದುವೆಯಾಯಿತು, ತೋಟ, ಮಕ್ಕಳು. ಮತ್ತೆ ಗೋಲಿನ ಮುಂದೆ ನಿಲ್ಲುವ ಅವಕಾಶ ಬರಲೇ ಇಲ್ಲ. ಹೀಗಾಗಿ ಆಟವೆಂದರೆ ನನಗೆ ಉಳಿದದ್ದು ಆ ಒಂದು ಚೆಂಡು ಮಾತ್ರ.

ಎಷ್ಟೋ ವರ್ಷಗಳ ನಂತರ ಗೋಣಿಕೊಪ್ಪದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಅಂದು ನಮ್ಮ ಫುಲ್‌ಬ್ಯಾಕ್ ಆಗಿದ್ದವಳು ಸಿಕ್ಕಳು. ಅವಳು ಆ ಗೋಲನ್ನು ಮರೆತೇಬಿಟ್ಟಿದ್ದಳು. ಅದಾದ ಸ್ವಲ್ಪ ಹೊತ್ತಿಗೇ ನಾನು ಒಂದು ಚೆಂಡನ್ನು ಮಂಡಿಯೂರಿ ತಡೆದದ್ದನ್ನೂ, ಅದು ಭುಜಕ್ಕೆ ಬಡಿದದ್ದನ್ನೂ ನೆನಪಿಸಿದಳು. ನನಗೆ ಅದು ನೆನಪೇ ಇರಲಿಲ್ಲ! ಮರಗಟ್ಟಿದ್ದು ಒಂದು ಚೆಂಡಿಗೆ ಮಾತ್ರ, ಆಮೇಲೆ ಕಾಲು ತಾನಾಗಿಯೇ ಮರಳಿ ಬಂದಿತ್ತು. ಇದನ್ನು ನಿನಗೆ ಹೇಳಬೇಕೆಂದೇ ಈ ಪತ್ರಕ್ಕೆ ಕುಳಿತೆ. ನೀನು ಮರಗಟ್ಟುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಮರಗಟ್ಟಿದರೂ ಅದು ಕೆಲವು ಕ್ಷಣಗಳ ಮಾತು, ಅಲ್ಲಿಗೆ ಪಂದ್ಯ ಮುಗಿಯುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ನಿಮ್ಮ ಪಂದ್ಯದ ಬಗ್ಗೆ ನನಗೆ ತಿಳಿದಿರುವುದು ಕಡಿಮೆ. ನೀನು ಕಳುಹಿಸಿದ ನಿಯಮಗಳ ಹಾಳೆಯನ್ನು ಓದಿದೆ. 3 ನಿಮಿಷಗಳ 3 ಸುತ್ತು, ನಡುವೆ ಒಂದು ನಿಮಿಷದ ವಿರಾಮ. ಹವ್ಯಾಸಿಗಳಾದ್ದರಿಂದ ಮೊಣಕೈಯಲ್ಲಿ ಹೊಡೆಯುವಂತಿಲ್ಲ, ಮೊಣಕಾಲಿನ ಕೆಳಗೆ ಮುಂಗಾಲಿಗೆ ಪ್ಯಾಡ್ ಕಟ್ಟಿಕೊಳ್ಳಬೇಕು. ಸಾಕೆನಿಸಿದಾಗ ಕೈಯಿಂದ ತಟ್ಟಿದರೆ ರೆಫರಿ ಆ ಕ್ಷಣವೇ ಬಿಡಿಸುತ್ತಾರೆ ಎಂಬುದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಬಾಗಿಲು ಮುಚ್ಚಿದರೂ ನೀನು ಒಳಗೆ ಒಂಟಿಯಲ್ಲ, ನಿನ್ನನ್ನು ಕಾಯುವುದೇ ಕೆಲಸವಾಗಿರುವ ಒಬ್ಬರು ಕೈಗೆಟಕುವಷ್ಟು ದೂರದಲ್ಲಿರುತ್ತಾರೆ.

ಬಾಯಿ ಒಣಗುವುದು, ಕೈ ನಡುಗುವುದು, ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕೆನಿಸುವುದು, ಇವೆಲ್ಲ ಅಡ್ರಿನಲಿನ್ ಮಾಡುವ ಕೆಲಸ. ಮೈ ಕಾದಾಟಕ್ಕೆ ಸಜ್ಜಾಗುತ್ತಿದೆ ಎಂಬುದಷ್ಟೇ ಅದರ ಅರ್ಥ. ಆದರೆ ಅದರ ಅಬ್ಬರದಲ್ಲಿ ಮೊದಲ ನಿಮಿಷದಲ್ಲೇ ಕೈಬೀಸಿ ಬಳಲಿದರೆ ತೋಳುಗಳು ಸೀಸ ಕಟ್ಟಿದಂತಾಗುತ್ತವೆ. ಅದನ್ನೇ ನೀನು ಮರಗಟ್ಟುವಿಕೆ ಎಂದು ತಿಳಿದು ಇನ್ನಷ್ಟು ಹೆದರಿಬಿಟ್ಟೀಯೆ ಎಂಬ ಆತಂಕ ನನಗಿದೆ. ಆದ್ದರಿಂದ ಒಳಗೆ ಹೋಗುವ ಮೊದಲೇ ಚೆನ್ನಾಗಿ ಬೆವರು ಬರುವವರೆಗೆ ಮೈ ಬಿಸಿ ಮಾಡಿಕೊಂಡರೆ ಒಳ್ಳೆಯದಲ್ಲವೇ? ನಿನ್ನ ಕೋಚ್ ಬೇರೆ ಹೇಳಿದರೆ ಅವರ ಮಾತೇ ಸರಿ. ಅಜ್ಜ ಹೇಳಿದಂತೆ ಉಸಿರನ್ನು ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡು, ಹಾಗೆ ಬಿಡುವಾಗ ಎದೆಬಡಿತ ಇಳಿಯುತ್ತದೆ. ಮುಷ್ಟಿಯನ್ನು ಹೊಡೆಯುವಾಗ ಮಾತ್ರ ಬಿಗಿಹಿಡಿ.

ಇನ್ನೊಂದು ವಿಷಯ, ತಪ್ಪು ತಿಳಿಯಬೇಡ. ಗಂಟೆ ಬಾರಿಸಿದ ಮೇಲೆ ಏನು ಮಾಡಲಿ ಎಂದು ಯೋಚಿಸುವ ಹೊತ್ತಿನಲ್ಲೇ ಕಾಲು ಕೈಕೊಡುವುದು. ಮೊದಲ ಹೆಜ್ಜೆ ಯಾವುದು, ಅದರ ಹಿಂದೆ ಬರುವ ಜ್ಯಾಬ್, ಅಂದರೆ ಆ ಚುರುಕಾದ ನೇರ ಗುದ್ದು, ಯಾವ ಕೈಯದು ಎಂಬುದನ್ನು ಈಗಲೇ ನಿಶ್ಚಯಿಸಿಕೊಂಡು, ದಿನವೂ ಅಷ್ಟನ್ನೇ ಮಾಡುತ್ತಿದ್ದರೆ ಆ ಕ್ಷಣದಲ್ಲಿ ತಲೆಯನ್ನು ಕೇಳುವ ಅಗತ್ಯ ಬೀಳುವುದಿಲ್ಲ. ನನ್ನ ಕಾಲದಲ್ಲಿ ಇದನ್ನು ಹೇಳಿಕೊಡುವವರು ಸಿಕ್ಕಿದ್ದರೆ ಎಂದು ಆಗಾಗ ಅನಿಸುತ್ತದೆ.

ಪಂದ್ಯಕ್ಕಾಗಿ ತೂಕ ಇಳಿಸಲು ನೀರು ಕುಡಿಯುವುದನ್ನೇ ಬಿಡುವ ಹುಡುಗಿಯರ ಬಗ್ಗೆ ಬರೆದಿದ್ದೀಯಲ್ಲ, ಅದು ನಿನಗೆ ಬೇಡ. ನೀರಿಲ್ಲದ ಮೈಯಲ್ಲಿ ಭಯ ಇನ್ನೂ ಹೆಚ್ಚಬಹುದು, ತಲೆಗೆ ಬೀಳುವ ಪೆಟ್ಟಿನ ಅಪಾಯವೂ ಹೆಚ್ಚು. ಅಭ್ಯಾಸದಲ್ಲಿ ತಲೆಗೆ ಪೆಟ್ಟಾಗಿ ತಲೆನೋವು ಉಳಿದಿದ್ದರೆ ವೈದ್ಯರಿಂದ ಮುಚ್ಚಿಡಬೇಡ, ಪಂದ್ಯ ತಪ್ಪಿದರೂ ತಪ್ಪಲಿ.

ಮತ್ತೆ ನಿನ್ನ ಭಯದ ಮಾತಿಗೇ ಬರುತ್ತೇನೆ. ಬಾಗಿಲಿನವರೆಗೆ ಹೋಗಿ, ಇಂದು ಬೇಡ ಎನಿಸಿದರೆ ಹಾಗೆಯೇ ಹೇಳಿ ಹಿಂದಿರುಗು. ನಮ್ಮ ಮನೆಯಲ್ಲಿ ಯಾರೂ ಒಂದು ಮಾತು ಆಡದಂತೆ ನಾನು ನೋಡಿಕೊಳ್ಳುತ್ತೇನೆ. ಆದರೆ ನಿನಗೆ ಒಳಗೆ ಹೋಗುವ ಆಸೆಯಿದೆ ಎಂಬುದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆಸೆ ಇಲ್ಲದಿದ್ದರೆ ಇಷ್ಟು ಭಯವೂ ಇರುತ್ತಿರಲಿಲ್ಲ.

ನಾನು ಅಂದು ಬರಲೇ, ಬೇಡವೇ ಎಂಬುದನ್ನು ನೀನೇ ತೀರ್ಮಾನಿಸು. ಮನೆಯವರು ನೋಡುತ್ತಿದ್ದಾರೆಂದರೆ ಕೆಲವರಿಗೆ ಧೈರ್ಯ, ಕೆಲವರಿಗೆ ಅದೇ ಹೊರೆ. ಬೇಡವೆಂದರೆ ನನಗೆ ಬೇಸರವಿಲ್ಲ. ಬಾ ಎಂದರೆ ಹಿಂದಿನ ರಾತ್ರಿಯ ಬಸ್ಸಿಗೆ ಟಿಕೆಟ್ ತೆಗೆಸಬೇಕು, ಆದ್ದರಿಂದ ಒಂದು ವಾರ ಮೊದಲೇ ತಿಳಿಸು.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ