ಮೆಸ್ಸಿಗೂ ಕೂಗೋಣ, ಸತ್ತವರ ಲೆಕ್ಕವನ್ನೂ ಕೇಳೋಣ

ಸಕಲೇಶಪುರ

ಪ್ರೀತಿಯ ಗೆಳೆಯಾ,

ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಬರೆದದ್ದಕ್ಕೆ ಅಲ್ಲೇ ಉತ್ತರ ಕೊಡೋಣ ಅಂದುಕೊಂಡೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅದು. "ಫುಟ್‌ಬಾಲ್ ಮಾತಾಡುವಾಗ ಈ ಮಾನವ ಹಕ್ಕಿನ ರಗಳೆ ಯಾಕೆ ತರ್ತೀಯ ಮಾರಾಯ, ಕತಾರ್ ವಿಶ್ವಕಪ್ ಮುಗಿದು ಯಾವ ಕಾಲ ಆಯ್ತು, ಅದೆಲ್ಲ ಯುರೋಪಿನವರ ಹೊಟ್ಟೆಕಿಚ್ಚು" ಅಂತ ಬರೆದಿದ್ದೀಯ. ಅದರ ಕೆಳಗೇ, ಅಕ್ಕನ ಮಗ ಸೌದಿಯ ರಿಯಾದ್‌ಗೆ ಹೊರಟಿದ್ದಾನೆ, ಯಾವುದೋ ಸ್ಟೇಡಿಯಂ ಕೆಲಸವಂತೆ ಅಂತಲೂ ಒಂದು ಸಾಲು ಹಾಕಿದ್ದೀಯ. ನನಗೆ ಇವೆರಡೂ ಒಂದೇ ವಿಷಯ ಕಣೋ, ಕತಾರ್‌ಗೆ ದುಡಿಯಲು ಹೋಗಿ ಸತ್ತವರೂ ಇಂಥ ಹುಡುಗರೇ. ನಮ್ಮ ಕಡೆಯ ಬೇರೆ ಮನೆಗಳಿಂದಲೂ ಹುಡುಗರು ಗಲ್ಫ್‌ಗೆ ಹೊರಡುತ್ತಿದ್ದಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕತಾರ್ ವಿಶ್ವಕಪ್ಪನ್ನು ನಾನು ಎಷ್ಟು ಪ್ರೀತಿಯಿಂದ ನೋಡಿದೆ ಅಂತ ನಿನಗೆ ಗೊತ್ತು. 2022ರ ಡಿಸೆಂಬರ್ 18, ಭಾನುವಾರ, ಅರ್ಜೆಂಟೀನಾ-ಫ್ರಾನ್ಸ್ ಫೈನಲ್. ಇಲ್ಲಿ ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಹರವಿತ್ತು. ಗೋಡೌನಿನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಹಾಕಿದ್ದೆವು. ಬೇಕರಿಯ ಕೇರಳದ ಹುಡುಗರು ಅರ್ಜೆಂಟೀನಾ ಜರ್ಸಿ ತೊಟ್ಟು ಬಂದರು. ತೋಟದ ಕೆಲಸದವರ ಲೈನ್ ಮನೆಗಳಿಂದ ಅಸ್ಸಾಮಿನ ಹುಡುಗರೂ ಬಂದು ಚಳಿಗೆ ರಗ್ಗು ಹೊದ್ದು ಮುಂದಿನ ಸಾಲಲ್ಲೇ ಕೂತರು. ಎಂಬತ್ತನೇ ನಿಮಿಷದ ತನಕ ಅರ್ಜೆಂಟೀನಾ ಎರಡು ಗೋಲು ಮುಂದೆ, ಇನ್ನೇನು ಗೆದ್ದೇಬಿಟ್ಟೆವು ಅನ್ನುವಾಗ ಫ್ರಾನ್ಸಿನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದ. ಹೆಚ್ಚುವರಿ ಸಮಯ ಮುಗಿದಾಗ 3-3. ಕೊನೇ ಗಳಿಗೆಯಲ್ಲಿ ಅರ್ಜೆಂಟೀನಾದ ಗೋಲಿ ಮಾರ್ಟಿನೆಜ್ ಕಾಲು ಚಾಚಿ ಆ ಚೆಂಡು ತಡೆಯದೇ ಇದ್ದಿದ್ದರೆ ಎಲ್ಲ ಮುಗಿದಿತ್ತು. ಪೆನಾಲ್ಟಿಯಲ್ಲಿ 4-2. ನಾವು ಕೂಗಿದ್ದಕ್ಕೆ ಪಕ್ಕದ ತೋಟದ ನಾಯಿಗಳೆಲ್ಲ ಬೊಗಳಿದವು.

ಆ ರಾತ್ರಿ ಟಿವಿಯವರು ಫೈನಲ್ ನಡೆದ ಲುಸೈಲ್ ಸ್ಟೇಡಿಯಮ್ಮನ್ನು ಮೇಲಿನಿಂದ ತೋರಿಸಿದಾಗ, ಮೊದಲು ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದಿದ್ದ ಅಸ್ಸಾಮಿನ ಹುಡುಗನೊಬ್ಬ, ಅಷ್ಟು ಎತ್ತರಕ್ಕೆ ಸಾರವೆ ಹೇಗೆ ಕಟ್ಟಿದರೋ ಅಂದ. ನಾವೆಲ್ಲ ಚೆಂಡು ನೋಡುತ್ತಿದ್ದೆವು, ಅವನು ಚಾವಣಿ ನೋಡುತ್ತಿದ್ದ. ಆಟವನ್ನೂ ಅವನು ನಮ್ಮಷ್ಟೇ ನೋಡಿದ, ನಮಗಿಂತ ಜಾಸ್ತಿಯೇ ಕುಣಿದ.

ನಾನು ಹೇಳಬೇಕಾಗಿರುವುದು ಇಷ್ಟೇ. ಕುಣಿಯುವವನು ಒಬ್ಬ, ಪ್ರಶ್ನೆ ಕೇಳುವವನು ಇನ್ನೊಬ್ಬ ಅಂತ ಇಲ್ಲ. ಕತಾರ್‌ನಲ್ಲಂತೂ ಅವರಿಬ್ಬರೂ ಒಬ್ಬರೇ ಆಗಿದ್ದರು.

ನೆನಪಿದೆಯಾ, ಟೂರ್ನಿ ಶುರುವಾಗುವ ಮೊದಲು ದೋಹಾದ ಬೀದಿಯಲ್ಲಿ ಜನ ಡೋಲು ಬಡಿದುಕೊಂಡು ಮೆರವಣಿಗೆ ಹೋದ ವಿಡಿಯೋಗಳು? ಬ್ರೆಜಿಲ್, ಅರ್ಜೆಂಟೀನಾ, ಇಂಗ್ಲೆಂಡ್, ಪೋರ್ಚುಗಲ್ ಜರ್ಸಿ ತೊಟ್ಟವರು, ಮುಖ ನೋಡಿದರೆ ನಮ್ಮವರು. ಹೆಚ್ಚಿನವರು ಮಲಯಾಳಿಗಳು, ಅಲ್ಲೇ ದುಡಿಯುವವರು. ತಕ್ಷಣ ಯುರೋಪಿನ ಎಷ್ಟೋ ಜನ ಇವರು ದುಡ್ಡು ತಗೊಂಡು ಬಂದ ನಕಲಿ ಅಭಿಮಾನಿಗಳು ಅಂತ ಬರೆದರು. ಭಾರತದವನೊಬ್ಬ ಇಂಗ್ಲೆಂಡಿನ ಹ್ಯಾರಿ ಕೇನ್‌ಗೆ ಮನಸಾರೆ ಕೂಗಬಹುದು ಅನ್ನುವುದೇ ಅವರಿಗೆ ನಂಬಲಾಗಲಿಲ್ಲ. ಅದೇ ಹೊತ್ತಿಗೆ ಕೋಝಿಕ್ಕೋಡ್ ಹತ್ತಿರ ಪುಲ್ಲಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್‌ಗಳು ಎದ್ದು ನಿಂತು ಲೋಕವೆಲ್ಲ ನೋಡಿತ್ತು. ಅದಕ್ಕೆ ಯಾರು ದುಡ್ಡು ಕೊಟ್ಟಿದ್ದರು? ಊರಿನ ಹುಡುಗರೇ ಅಲ್ವಾ. ಇನ್ನೊಂದು ಕಡೆ, ಕತಾರ್‌ನ ಸಂಘಟಕರು ವಿಮಾನದ ಟಿಕೆಟ್ಟು, ವಸತಿ ಎಲ್ಲ ಕೊಟ್ಟು ಬೇರೆ ಬೇರೆ ದೇಶದ ಅಭಿಮಾನಿಗಳನ್ನು ಕರೆಸಿದ್ದರು, ಅವರಲ್ಲಿ ಯುರೋಪಿನವರೂ ಇದ್ದರು. ವಿಶ್ವಕಪ್ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುವ ನಿರೀಕ್ಷೆಯೂ ಅದರ ಜೊತೆಗಿತ್ತು. ನಮ್ಮವರಿಗೆ ಮಾತ್ರ ನಕಲಿ ಅನ್ನುವ ಹಣೆಪಟ್ಟಿ. ನಿನಗೆ ಸಿಟ್ಟು ಬಂದದ್ದು ಇಲ್ಲೇ, ಗೊತ್ತು. ನನಗೂ ಬಂತು.

ಆದರೆ ಆ ಸಿಟ್ಟನ್ನು ಮುಂದಿಟ್ಟುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕಿದರೆ ಮೋಸ ಆಗುವುದು ಆ ಮೆರವಣಿಗೆಯಲ್ಲಿ ಕುಣಿದವರಿಗೇ.

ನಮ್ಮ ಬೀದಿಯಿಂದ ದೋಹಾಕ್ಕೆ ಹೋಗಿ ಬಂದವನೊಬ್ಬ ಇದ್ದಾನೆ. ಹೆಸರು ಬೇಡ. ರಸ್ತೆ ಕೆಲಸಕ್ಕೆ ಹೋಗಿದ್ದ. ಹೋಗುವಾಗ ಏಜೆಂಟನಿಗೆ ಕೊಟ್ಟ ದುಡ್ಡಿಗೆ ಅಮ್ಮನ ಬಳೆ ಅಡ ಇಟ್ಟಿದ್ದರು, ಆ ಸಾಲ ತೀರುವುದರಲ್ಲೇ ಮೊದಲ ವರ್ಷ ಹೋಯಿತು. ಪಾಸ್‌ಪೋರ್ಟ್ ಕಂಪನಿಯವರ ಕೈಯಲ್ಲಿ. ನಡುವೆ ಸಂಬಳ ನಿಂತುಹೋಯಿತು, ಕೇಳಿದರೆ ಮುಂದಿನ ತಿಂಗಳು ಅನ್ನುವರು. ಬೇಸಿಗೆಯಲ್ಲಿ ಹೆಲ್ಮೆಟ್ ಒಳಗೆ ಒದ್ದೆ ಟವೆಲ್ ಸುತ್ತಿಕೊಂಡರೆ ಸ್ವಲ್ಪ ಹೊತ್ತಿಗೇ ಒಣಗಿ ಗರಿಗರಿ ಆಗುತ್ತಿತ್ತಂತೆ. ಇಷ್ಟೆಲ್ಲ ಹೇಳಿದವನೇ ಮೊಬೈಲ್ ತೆಗೆದು, ಸ್ಟೇಡಿಯಂ ಕಡೆ ಹೋಗುವ ಒಂದು ರಸ್ತೆಯ ಫೋಟೋ ತೋರಿಸಿ, ಇದು ನಾವು ಹಾಕಿದ್ದು ಅಂತ ಮುಖ ಅರಳಿಸಿಕೊಂಡು ಹೇಳುತ್ತಾನೆ. ಪಂದ್ಯಗಳನ್ನು ಅವನು ದೋಹಾದ ಅಂಚಿನ ಏಷ್ಯನ್ ಟೌನ್ ಕ್ರಿಕೆಟ್ ಮೈದಾನದಲ್ಲಿ ದೊಡ್ಡ ಪರದೆಯ ಮುಂದೆ ನೋಡಿದ. ಕಾರ್ಮಿಕರಿಗೆ ಅಂತಲೇ ಮಾಡಿದ ಜಾಗ ಅದು, ಸಾವಿರಾರು ಜನ ಸೇರುತ್ತಿದ್ದರು. ನನ್ನ ಜೀವನದಲ್ಲಿ ಅಂಥ ಗಲಾಟೆ ನೋಡಿಲ್ಲ ಅನ್ನುತ್ತಾನೆ. ಅವನ ಹೆಮ್ಮೆಯೂ ನಿಜ, ಬಾಕಿ ಸಂಬಳವೂ ನಿಜ.

ಈಗ ಸಾವಿನ ಲೆಕ್ಕ. ಇದರಲ್ಲಿ ಎರಡೂ ಕಡೆಯವರು ಉಡಾಫೆ ಮಾಡುತ್ತಾರೆ. ಸ್ಟೇಡಿಯಂ ಕಟ್ಟುವಾಗ 6,500 ಜನ ಸತ್ತರು ಅಂತ ಎಲ್ಲೆಡೆ ಓಡಾಡುತ್ತದಲ್ಲ, ಅದು ಹಾಗಲ್ಲ. 2021ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಬರೆದದ್ದು ಇದು: 2010ರ ಕೊನೆಯಲ್ಲಿ ಕತಾರ್‌ಗೆ ವಿಶ್ವಕಪ್ ಸಿಕ್ಕಿದ ಮೇಲಿನ ಹತ್ತು ವರ್ಷದಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದಿಂದ ಹೋದವರಲ್ಲಿ 6,500ಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತಿದ್ದಾರೆ. ಅದರಲ್ಲಿ ಎಲ್ಲ ಕೆಲಸದವರೂ ಸೇರಿದ್ದಾರೆ. ಭಾರತದವರೇ 2,711. ಸಂಘಟಕರ ಲೆಕ್ಕದಲ್ಲಿ ಸ್ಟೇಡಿಯಂ ಕೆಲಸದ ಅಪಘಾತದಿಂದ ಸತ್ತವರು ಮೂರೇ ಜನ. ಆಮೇಲೆ 2022ರ ನವೆಂಬರ್‌ನಲ್ಲಿ, ಟೂರ್ನಿ ನಡೆಯುತ್ತಿರುವಾಗಲೇ, ಸಂಘಟನೆಯ ಮುಖ್ಯಸ್ಥ ಹಸನ್ ಅಲ್ ತವಾದಿ ಟಿವಿ ಸಂದರ್ಶನದಲ್ಲಿ, ವಿಶ್ವಕಪ್ಪಿಗೆ ಸಂಬಂಧಿಸಿದ ಕೆಲಸಗಳಲ್ಲಿ 400ರಿಂದ 500 ಅಂದುಬಿಟ್ಟರು. ಮೂರು ಎಲ್ಲಿ, ಐನೂರು ಎಲ್ಲಿ!

ನನಗೆ ಯಾವ ಅಂಕಿ ಸರಿ ಅನ್ನುವುದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಗಾರ್ಡಿಯನ್‌ನ ಅದೇ ವರದಿಯ ಪ್ರಕಾರ ಸತ್ತ ಭಾರತೀಯರಲ್ಲಿ ನೂರಕ್ಕೆ 80 ಮಂದಿಯ ಸಾವಿಗೆ ಸಹಜ ಕಾರಣ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಹೃದಯ ನಿಂತಿತು, ಉಸಿರು ನಿಂತಿತು. ಎಷ್ಟೋ ಸಲ ಪೋಸ್ಟ್‌ಮಾರ್ಟಂ ಇಲ್ಲ. ಹೋಗುವ ಮೊದಲು ಮೆಡಿಕಲ್ ಟೆಸ್ಟ್ ಪಾಸಾದ ಹುಡುಗ, ಇಪ್ಪತ್ತು ಮೂವತ್ತರ ವಯಸ್ಸು, ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ ಅಂದರೆ ಯಾಕೆ ಅಂತ ನೋಡಬೇಡವಾ? ಕತಾರ್ ಸರ್ಕಾರ ತಾನೇ ನೇಮಿಸಿದ್ದ ವಕೀಲರ ಸಂಸ್ಥೆ 2014ರಲ್ಲೇ, ಇಂಥ ಹಠಾತ್ ಸಾವುಗಳಲ್ಲಿ ಪೋಸ್ಟ್‌ಮಾರ್ಟಂ ಮಾಡಲು ಕಾನೂನು ಬದಲಿಸಿ ಅಂತ ಶಿಫಾರಸು ಮಾಡಿತ್ತು. ನೇಪಾಳಿ ಕಾರ್ಮಿಕರ ಸಾವುಗಳ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಸಿಲಿನ ತಿಂಗಳುಗಳಲ್ಲಿ ಹೃದಯದ ಕಾರಣದ ಸಾವು ಹೆಚ್ಚುತ್ತದೆ ಅಂತ ತೋರಿಸಿತು. ಟೂರ್ನಿಯ ನಡುವೆ ಫಿಲಿಪ್ಪೀನ್ಸ್‌ನ ಕಾರ್ಮಿಕನೊಬ್ಬ ತಂಡವೊಂದು ಉಳಿದಿದ್ದ ಜಾಗದಲ್ಲಿ ಕೆಲಸ ಮಾಡುವಾಗ ಸತ್ತ. ಅದರ ಬಗ್ಗೆ ಕೇಳಿದರೆ ಸಂಘಟಕರ ಸಿಇಒ, ಸಾವು ಬದುಕಿನ ಸಹಜ ಭಾಗ ಅಂದರು. ಆ ಮಾತು ಕೇಳಿ ನನ್ನ ಮೈ ಉರಿಯಿತು.

ಕಾರಣ ಬರೆಯುವುದು ಬರೀ ಕಾಗದದ ವಿಷಯ ಅಲ್ಲ ಮಾರಾಯ. ಸಹಜ ಸಾವು ಅಂದರೆ ಕೆಲಸದಿಂದ ಆದ ಸಾವಲ್ಲ, ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬೀಮಾ ಯೋಜನೆ ಇದೆಯಲ್ಲ, ಅದರ 10 ಲಕ್ಷವೂ ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಒಂದು ಸಾಲಿನ ಮೇಲೆ ಒಂದು ಮನೆ ನಿಲ್ಲುತ್ತದೆ, ಇಲ್ಲ ಬೀಳುತ್ತದೆ.

ಇನ್ನು ನಿನ್ನ ಯುರೋಪಿನ ಮಾತು. ಜರ್ಮನಿ ಆಟಗಾರರು ಜಪಾನ್ ಪಂದ್ಯಕ್ಕೆ ಮುಂಚೆ ನಮ್ಮ ಬಾಯಿ ಮುಚ್ಚಿಸುತ್ತಿದ್ದಾರೆ ಅಂತ ತೋರಿಸಲು ಕೈಯಿಂದ ಬಾಯಿ ಮುಚ್ಚಿಕೊಂಡು ಫೋಟೋಗೆ ನಿಂತರು, ನೀನು ನಕ್ಕೆ. ಏಳು ಯುರೋಪಿಯನ್ ತಂಡಗಳ ನಾಯಕರು ಸಲಿಂಗಿಗಳೂ ಸೇರಿ ಯಾರಿಗೂ ಭೇದಭಾವ ಬೇಡ ಅನ್ನುವ ಒನ್ ಲವ್ ಪಟ್ಟಿಯನ್ನು ತೋಳಿಗೆ ಕಟ್ಟುತ್ತೇವೆ ಅಂದವರು, ವಿಶ್ವಕಪ್ ನಡೆಸುವ ಫಿಫಾ ಸಂಸ್ಥೆ ಹಳದಿ ಕಾರ್ಡ್ ತೋರಿಸುತ್ತೇವೆ ಅಂದ ತಕ್ಷಣ ಬಿಚ್ಚಿಟ್ಟರು. ಅದು ನನಗೂ ಇಷ್ಟವಾಗಲಿಲ್ಲ, ಒಂದು ಕಾರ್ಡಿಗೆ ಹೆದರಿದರಲ್ಲ ಅಂತ. ಅದೇ ವಾರ ಇರಾನ್ ಆಟಗಾರರು ತಮ್ಮ ದೇಶದ ಹೆಂಗಸರ ಹೋರಾಟ ನಡೆಯುತ್ತಿರುವಾಗ ರಾಷ್ಟ್ರಗೀತೆ ಹಾಡದೆ ನಿಂತರು. ಕಾರ್ಡಿಗಿಂತ ದೊಡ್ಡ ಅಪಾಯ ಅವರ ಮುಂದಿತ್ತು. ಫಿಫಾ ಅಧ್ಯಕ್ಷ ಇನ್ಫಾಂಟಿನೊ, ಯುರೋಪಿನವರು 3,000 ವರ್ಷ ಮಾಡಿದ್ದಕ್ಕೆ ಮುಂದಿನ 3,000 ವರ್ಷ ಕ್ಷಮೆ ಕೇಳಬೇಕು ಅಂದರು. ಇರಲಿ, ಯುರೋಪಿನವರು ಕೇಳಲಿ. ಅದರಿಂದ ತೆಲಂಗಾಣದ ಯಾವುದೋ ಹಳ್ಳಿಯಲ್ಲಿ ಗಂಡನ ಶವದ ಪೆಟ್ಟಿಗೆ ಬರುವುದನ್ನು ಕಾದ ಹೆಂಗಸಿಗೆ ಏನು ಸಿಕ್ಕಿತು? ಈ ಪ್ರಶ್ನೆ ಯುರೋಪಿನವರದ್ದು ಅಂತ ಬಿಟ್ಟುಕೊಟ್ಟವರು ನಾವು. ಸತ್ತವರು ನಮ್ಮವರು, ಕೇಳಬೇಕಾದವರೂ ನಾವೇ.

ಕೇಳಿದರೆ ಏನೂ ಆಗುವುದಿಲ್ಲ ಅನ್ನಬೇಡ. ಯಜಮಾನನ ಒಪ್ಪಿಗೆ ಇಲ್ಲದೆ ಕೆಲಸ ಬಿಡುವ ಹಾಗಿಲ್ಲ, ದೇಶ ಬಿಡುವ ಹಾಗಿಲ್ಲ ಅನ್ನುವ ಕಫಾಲ ಪದ್ಧತಿಯನ್ನು ಕತಾರ್ ಸಡಿಲಿಸಿತು. 2020ರಲ್ಲಿ ಕೆಲಸ ಬದಲಿಸಲು ಒಪ್ಪಿಗೆ ಪತ್ರ ಬೇಡ ಅಂತಾಯಿತು. 2021ರಲ್ಲಿ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ, ಊಟ ವಸತಿ ಕೊಡದಿದ್ದರೆ ಅದಕ್ಕೆ ಬೇರೆ ದುಡ್ಡು. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆ ತನಕ ಹೊರಗಿನ ಕೆಲಸ ನಿಲ್ಲಿಸಿದರು. ಲೋಕದ ಕಣ್ಣು ಅಲ್ಲಿದ್ದದ್ದಕ್ಕೇ ಇದು ಇಷ್ಟು ಬೇಗ ಆಯಿತು ಅಂತ ನಾನು ನಂಬುತ್ತೇನೆ. ಹಾಗಂತ ಎಲ್ಲ ಸರಿಹೋಗಲಿಲ್ಲ. 2022ರ ಆಗಸ್ಟ್‌ನಲ್ಲಿ ಬಾಕಿ ಸಂಬಳಕ್ಕಾಗಿ ದೋಹಾದ ರಸ್ತೆಯಲ್ಲಿ ಕೂತವರನ್ನು ಹಿಡಿದು, ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು.

ಫಿಫಾಕ್ಕೆ ಕತಾರ್ ವಿಶ್ವಕಪ್ಪಿನ ತನಕದ ನಾಲ್ಕು ವರ್ಷದಲ್ಲಿ ಬಂದ ಆದಾಯ ಸುಮಾರು 750 ಕೋಟಿ ಡಾಲರ್. ಆಟಗಾರರ ತಂಡಗಳಿಗೆ ಹಂಚಿದ ಬಹುಮಾನ 44 ಕೋಟಿ ಡಾಲರ್, ಅಷ್ಟನ್ನೇ ಕಾರ್ಮಿಕರ ಪರಿಹಾರಕ್ಕೂ ಇಡಿ ಅಂತ ಮಾನವ ಹಕ್ಕಿನ ಸಂಸ್ಥೆ ಆಮ್ನೆಸ್ಟಿ ಕೇಳಿತ್ತು. ಕೊನೆಗೆ 2024ರಲ್ಲಿ ಫಿಫಾ 5 ಕೋಟಿ ಡಾಲರ್‌ನ ನಿಧಿ ಘೋಷಿಸಿತು. ಅದು ನಿರಾಶ್ರಿತರು, ಆರೋಗ್ಯ, ಶಿಕ್ಷಣ ಅಂತ ಒಳ್ಳೆಯ ಕೆಲಸಗಳಿಗೆ ಹೋಯಿತು. ಸತ್ತವರ ಮನೆಗಳಿಗೆ ಅದರಿಂದ ಪರಿಹಾರ ಇಲ್ಲ.

ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 11ಕ್ಕೆ 2034ರ ವಿಶ್ವಕಪ್ಪನ್ನು ಸೌದಿ ಅರೇಬಿಯಾಕ್ಕೆ ಕೊಟ್ಟರು. ಬೇರೆ ಸ್ಪರ್ಧಿಯೇ ಇರಲಿಲ್ಲ. 15 ಸ್ಟೇಡಿಯಂ, ಹೆಚ್ಚಿನವು ಹೊಸದಾಗಿ ಆಗಬೇಕು. ಕತಾರ್‌ಗಿಂತ ಎಷ್ಟೋ ಪಾಲು ದೊಡ್ಡ ದೇಶ, ಅದೇ ಬಿಸಿಲು, 20 ಲಕ್ಷಕ್ಕೂ ಹೆಚ್ಚು ಭಾರತೀಯರು ಈಗಾಗಲೇ ಅಲ್ಲಿದ್ದಾರೆ. ಕತಾರ್ ಮುಗೀತು ಅಂತ ನೀನು ಬರೆದಾಗ ನನಗೆ ನಿನ್ನ ಅಕ್ಕನ ಮಗನೇ ಕಣ್ಣಮುಂದೆ ಬಂದ.

ಅವನಿಗೆ ಹೋಗಬೇಡ ಅನ್ನುವುದಿಲ್ಲ. ಇಲ್ಲಿ ಏನು ಸಂಪಾದನೆ ಇದೆ ಅಂತ ನನಗೂ ಗೊತ್ತು. ಆದರೆ ಇಷ್ಟು ನೋಡಿಕೊಂಡು ಕಳಿಸಿ. ಏಜೆಂಟ್ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಿನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇದ್ದಾನಾ ಮೊದಲು ನೋಡು. ಕಾನೂನಿನ ಪ್ರಕಾರ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಅಕ್ಕ ಚಿನ್ನ ಅಡ ಇಡುವುದು ಬೇಡ. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಿಸೋಣ ಅಂದರೆ ಖಂಡಿತ ಒಪ್ಪಬೇಡಿ. ಅವನು ಹತ್ತನೇ ಕ್ಲಾಸು ಪಾಸಾಗಿಲ್ಲವಲ್ಲ, ಹಾಗಾಗಿ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕು, ಅದರ ಜೊತೆ ನಾನು ಹೇಳಿದ ಬೀಮಾ ಕಡ್ಡಾಯ. ನಾಮಿನಿ ಜಾಗದಲ್ಲಿ ಅಕ್ಕನ ಹೆಸರು ಸರಿಯಾಗಿದೆಯಾ ನೀನೇ ಕಣ್ಣಾರೆ ನೋಡು. ಪಾಸ್‌ಪೋರ್ಟ್, ವೀಸಾ, ಒಪ್ಪಂದ ಮೂರರ ಪ್ರತಿಯೂ ಮನೆಯಲ್ಲಿ ಇರಲಿ.

ದೋಹಾದಿಂದ ಬಂದ ನಮ್ಮ ಬೀದಿಯವನ ಹತ್ತಿರ ಮಾತಾಡಿದ್ದೇನೆ, ಭಾನುವಾರ ಅಕ್ಕನ ಮನೆಗೆ ನನ್ನ ಜೊತೆ ಬರುತ್ತೇನೆ ಅಂದಿದ್ದಾನೆ, ಹುಡುಗನಿಗೆ ಎದುರು ಕೂತು ಹೇಳಲಿ. ಒಪ್ಪಂದದ ಕಾಗದ ಬಂದ ತಕ್ಷಣ ಫೋಟೋ ಕಳಿಸು. ಅರೇಬಿಕ್ ಭಾಗವನ್ನು ಓದಿ ಹೇಳುವವರು ಇಲ್ಲಿ ಮಸೀದಿ ಹತ್ತಿರ ಇದ್ದಾರೆ, ಕೇಳಿಟ್ಟಿದ್ದೇನೆ. ಸಹಿ ಅದಾದ ಮೇಲೆ ಹಾಕಲಿ.

ನಿನ್ನ,
ಸಕಲೇಶಪುರದ ಗೆಳೆಯ